ಗಾಲಿ ಮನೆಯ ಚಳಿಗಾಲ

ನವೆಂಬರ್ ಅರ್ಧ ಕಳೆದು ಜಹ್ರಾ ರಸ್ತೆಯ ಆಚೆ ಮರಳಿನಲ್ಲಿ ಡೇರೆಗಳು ಏಳತೊಡಗಿದವೆಂದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ನಾನು ಕುವೈತಿನ ಈ ಜಹ್ರಾ ಊರಿನ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ನಾವಿರುವ ರಿಗ್ಗೈಯಿಂದ ನಮ್ಮನ್ನು ಹೊತ್ತೊಯ್ಯುವ ವ್ಯಾನಿನಲ್ಲಿ ಉಳಿದವರೆಲ್ಲ ಕಿಟಕಿಗೆ ಮೂಗು ಹಚ್ಚಿ, ಅಲ್ಲಿ ನೋಡಿ ಬಿಳಿ ಡೇರೆ, ಇಲ್ಲಿ ನೋಡಿ ದೀಪದ ಸರ ಎಂದು ಕೂಗುತ್ತಾರೆ. ಈ ವರ್ಷ ಮೊದಲ ಮಳೆಯೂ ಬಿತ್ತು. ಒದ್ದೆ ಮರಳಿನ ವಾಸನೆಯ ಜೊತೆಗೆ ಯಾರದೋ ಜನರೇಟರಿನ ಡೀಸೆಲ್ ಹೊಗೆ ಕಿಟಕಿಯ ಸಂದಿನಿಂದ ಒಳಗೆ ಬಂದಿತು. ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಇನ್ನೊಂದು ಕಡೆ ತಿರುಗಿ ಕೂತೆ. ಪಕ್ಕದವಳು ತಲೆನೋವೇ ಎಂದು ಕೇಳಿದಳು. ತಲೆನೋವಲ್ಲ, ಮೂರು ವರ್ಷದ ಹಿಂದಿನ ಒಂದು ಚಳಿಗಾಲ ಎಂದು ಅವಳಿಗೆ ಹೇಗೆ ಹೇಳುವುದು?

ಆ ಚಳಿಗಾಲದಲ್ಲಿ ನಮ್ಮ ಹತ್ತಿರ ಒಂದು ಗಾಲಿ ಮನೆಯಿತ್ತು. ಕೊಂಡದ್ದಲ್ಲ. ನಮ್ಮವರು ಏಸಿ ರಿಪೇರಿ ಕಂಪನಿಯೊಂದರಲ್ಲಿ ಇಂಜಿನಿಯರು. ಅದರ ಯಜಮಾನ ಅಬು ನಾಸಿರ್ ಅವರಿಗೆ ಹೊಸದೊಂದು ದೊಡ್ಡ ಗಾಡಿ ಬಂದಿತ್ತು. ಹಳೆಯದು, ಉದ್ದ ವ್ಯಾನಿನೊಳಗೆ ಹಾಸಿಗೆ, ಒಲೆ, ಫ್ರಿಜ್ಜು, ಸಂಡಾಸು ಎಲ್ಲ ಕೂರಿಸಿದ್ದು, ಏಸಿ ಕೆಟ್ಟು ಗೋದಾಮಿನ ಹಿಂದೆ ನಿಂತಿತ್ತು. ಇವರು ರಜೆಯ ಎರಡು ಶುಕ್ರವಾರ ಅದರ ಹೊಟ್ಟೆಯೊಳಗೆ ಕೂತು ಎಲ್ಲವನ್ನೂ ಸರಿಮಾಡಿದರು. ಅಬು ನಾಸಿರ್ ಅವರಿಗೆ ಖುಷಿಯೋ ಖುಷಿ. "ಯಲ್ಲಾ ಬಸವರಾಜ್, ಲೇ ಜಾವ್! ಮಾರ್ಚ್ ತಕ್ ತುಮ್ಹಾರಾ. ಖಲಾಸ್!" ಎಂದು ಬೀಗದ ಕೈ ಕೊಟ್ಟುಬಿಟ್ಟರು. ಸಮುದ್ರದ ಸೇತುವೆಯಾಚೆ ಸುಬಿಯಾದ ಮರಳಿನಲ್ಲಿ ಅವರ ಮನೆಯವರು ಪ್ರತಿ ಚಳಿಗಾಲ ಪರವಾನಗಿ ತೆಗೆದು ಬಿಡಾರ ಹೂಡುತ್ತಿದ್ದರು. ಆ ಬಿಡಾರದ ಅಂಚಿನಲ್ಲಿ ಬೇಕಾದಾಗ ನಿಲ್ಲಿಸಿಕೊಳ್ಳಿ ಎಂದರು. ವಫ್ರಾದಲ್ಲಿ ಅವರ ತಮ್ಮನ ತೋಟವಿತ್ತು, ಅಲ್ಲಿಯೂ ಅಡ್ಡಿಯಿಲ್ಲ ಎಂದರು.

ಈ ದೇಶದಲ್ಲಿ ಗಾಲಿ ಮನೆ ಕಟ್ಟಿಕೊಂಡು ಪ್ರವಾಸ ಹೋಗುತ್ತೇನೆ ಎನ್ನುವುದೇ ಒಂದು ತಮಾಷೆ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋದಷ್ಟು ದೂರ. ಚಹಾ ಆರುವುದರೊಳಗೆ ದೇಶ ಮುಗಿಯುತ್ತದೆ. ಆದರೂ ನಾನು ಆ ಬೀಗದ ಕೈ ನೋಡಿ ಹಿಗ್ಗಿದೆ. ಕಾರಣ ನನ್ನ ಮಗಳು ಅಕ್ಷತಾ.

ಅಕ್ಕು ಆಗ ಹತ್ತನೆಯ ಕ್ಲಾಸು. ಪಿಯುಸಿಗೆ ಧಾರವಾಡದ ಹಾಸ್ಟೆಲ್ಲಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಏಪ್ರಿಲ್‌ನಲ್ಲಿ ಹೊರಡಬೇಕು. ಈ ದೇಶದಲ್ಲಿಯೇ ಹುಟ್ಟಿದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಆ ವರ್ಷವಂತೂ ಆ ಉತ್ತರವೂ ಒಂದು ಶಬ್ದಕ್ಕೆ ಇಳಿದಿತ್ತು. ಓಕೆ. ಫೈನ್. ಲೇಟರ್. ಶಾಲೆಯಿಂದ ಬಂದವಳೇ ತನ್ನ ಕೋಣೆಯ ಬಾಗಿಲು ಹಾಕಿಕೊಂಡರೆ ಊಟಕ್ಕಷ್ಟೇ ತೆಗೆಯುತ್ತಿದ್ದಳು. ಗಾಲಿ ಮನೆಯಲ್ಲಿ ಆ ಬಾಗಿಲಿರಲಿಲ್ಲ. ಅದೇ ನನ್ನ ಹಿಗ್ಗಿಗೆ ಕಾರಣ. ನನಗೆ ಬೇಕಾಗಿದ್ದದ್ದು ಇಷ್ಟೇ. ಆಕೆ ಹೋಗುವ ಮೊದಲು ಒಂದು ರಾತ್ರಿ, ನಾವು ಮೂವರೇ, ಒಂದೇ ಕೋಣೆಯಲ್ಲಿ. ಮಾತಾಡದಿದ್ದರೂ ಸರಿ, ನಿದ್ದೆ ಬರುವವರೆಗೆ ಪಕ್ಕದಲ್ಲಿ ಬಿದ್ದುಕೊಂಡಿದ್ದರೆ ಸಾಕು ಎಂದುಕೊಂಡಿದ್ದೆ.

ಅದಕ್ಕೆ ಅಡ್ಡ ಬಂದದ್ದು ನಮ್ಮ ಸೀಮೆಯ ಒಂದು ಒಳ್ಳೆಯ ನಡತೆ.

ನಮ್ಮ ಗದಗ, ಬದಾಮಿ ಕಡೆ ಉಣ್ಣುವವರು ದಾರಿಯಲ್ಲಿ ಹೋಗುವವರನ್ನು ಕಂಡರೆ "ಬರ್ರಿ, ಊಟ ಮಾಡ್ರಿ" ಎನ್ನದೆ ತುತ್ತು ಎತ್ತುವುದಿಲ್ಲ. ಊರಿಗೆ ಹೊರಟವರು ಎದುರು ಸಿಕ್ಕವರಿಗೆ "ಬರ್ರಿ, ನಮ್ಮ ಕೂಡ" ಎನ್ನದೆ ಹೆಜ್ಜೆ ಇಡುವುದಿಲ್ಲ. ಕೇಳಿಸಿಕೊಂಡವರಿಗೂ ಗೊತ್ತು. ಅವರು "ಈಗರ ಆತ್ರಿ, ನೀವು ಮಾಡ್ರಿ" ಎಂದು ನಕ್ಕು ಮುಂದೆ ಹೋಗುತ್ತಾರೆ. ಕರೆದವರಿಗೂ ಮರ್ಯಾದೆ, ಬಾರದವರಿಗೂ ಮರ್ಯಾದೆ. ನಮ್ಮವರಿಗೆ ಈ ಚಾಳಿ ರಕ್ತದಲ್ಲಿದೆ. ಆದರೆ ಕುವೈತಿನಲ್ಲಿ ನಮ್ಮ ಕಟ್ಟಡದಲ್ಲಿದ್ದವರೆಲ್ಲ ಗದಗಿನವರೇ?

ಮೊದಲ ಸಲ ಹೊರಟ ದಿನ ನಾನು ಮೂರು ತಟ್ಟೆ, ಮೂರು ಲೋಟ, ಕಟ್ಟಿಕೊಂಡ ರೊಟ್ಟಿ, ಎಣ್ಣೆಗಾಯಿ ಪಲ್ಯ ಹಿಡಿದು ಇವರ ಜೊತೆ ಲಿಫ್ಟಿನಲ್ಲಿ ಇಳಿಯುತ್ತಿದ್ದೆ. ಎರಡನೆಯ ಮಹಡಿಯಲ್ಲಿ ವಿಲ್ಫ್ರೆಡ್ ಹತ್ತಿದರು. ಕರಾವಳಿಯ ಶಿರ್ವದ ಕಡೆಯವರು, ಆಫೀಸೊಂದರಲ್ಲಿ ಅಕೌಂಟೆಂಟು. ಹೆಂಡತಿ ಜೆಸಿಂತಾ ಆಸ್ಪತ್ರೆಯಲ್ಲಿ ನರ್ಸು. ಬಹಳ ಒಳ್ಳೆಯ ಜನ, ಕಷ್ಟಕ್ಕಾದವರು, ಅದನ್ನು ಇಲ್ಲವೆನ್ನಲಾರೆ. ಎಲ್ಲಿಗೆ ಸವಾರಿ ಎಂದು ಅವರು ಕೇಳಿದ್ದೇ ತಡ, ಇವರು ಹಲ್ಲು ಕಿರಿದು, "ಸುಬಿಯಾಕ್ಕ ಹೊಂಟೇವ್ರಿ, ಗಾಡಿ ಒಳಗ. ಬರ್ರಿ, ನೀವೂ ಬರ್ರಿ" ಎಂದರು.

ವಿಲ್ಫ್ರೆಡ್ ಒಂದು ಕ್ಷಣ ಯೋಚಿಸಿದರು. "ಹೌದಾ? ಇವತ್ತು ನಮಗೂ ಎಂತ ಕೆಲಸ ಇಲ್ಲ. ನೀವು ಹೋಗ್ತಾ ಇರಿ, ನಾವು ಹಿಂದೆಯೇ ಬಂದೆವು."

ಅವರು ಬಂದರು. ಗಂಡ, ಹೆಂಡತಿ, ಇಬ್ಬರು ಸಣ್ಣ ಮಕ್ಕಳು, ಮಸಾಲೆ ಹಚ್ಚಿದ ಕೋಳಿ, ಇದ್ದಿಲು, ಕೇರಂ ಬೋರ್ಡು. ಜೆಸಿಂತಾ ಕಾರಿನಿಂದ ಇಳಿದವಳೇ ನನ್ನನ್ನು ತಬ್ಬಿಕೊಂಡು, "ನೀವು ಕರೆದದ್ದು ಭಾರೀ ಒಳ್ಳೆದಾಯ್ತು ಮಾರಾಯ್ತಿ. ಈ ಮಕ್ಕಳು ಫ್ಲಾಟಿನಲ್ಲಿ ಕೂತು ಹುಚ್ಚು ಹಿಡಿಸ್ತವೆ" ಎಂದಳು. ನಾನು ನಕ್ಕೆ. ನಗದೆ ಏನು ಮಾಡಲಿ? ಅಕ್ಕು ಆ ಮಕ್ಕಳ ಜೊತೆ ಕತ್ತಲಾಗುವವರೆಗೆ ಮರಳಿನಲ್ಲಿ ಓಡಿದಳು, ಕೂಗಿದಳು, ಬಿದ್ದು ನಕ್ಕಳು. ಮನೆಯಲ್ಲಿ ಒಂದು ಶಬ್ದ ಆಡದ ಹುಡುಗಿ! ರಾತ್ರಿ ಒಳಗಿನ ಹಾಸಿಗೆಯ ಮೇಲೆ ಜೆಸಿಂತಾ, ಅವಳ ಮಕ್ಕಳು, ಅಕ್ಕು ಮಲಗಿದರು. ನಾನು ಮುಂದಿನ ಸೀಟಿನಲ್ಲಿ ಕುತ್ತಿಗೆ ಸೊಟ್ಟ ಮಾಡಿಕೊಂಡು ಬೆಳಗು ಮಾಡಿದೆ.

ಮನೆಗೆ ಬಂದು ಇವರನ್ನು ಹಿಡಿದು ಝಾಡಿಸಿದೆ. "ಬಾಯಿ ಮಾತಿಗೆ ಬರ್ರಿ ಅಂದ್ರ ಖರೇನ ಬರ್ತಾರಂತ ನನಗೇನ್ ಗೊತ್ತ?" ಎಂದರು.

"ಗೊತ್ತಿಲ್ಲಂದ್ರ ಬಾಯಿ ಮುಚ್ಚಿಕೊಂಡಿರ್ರಿ."

"ಹೊಂಟೇವಂತ ಹೇಳಿ ಬರ್ರಿ ಅನ್ನದ ಹೆಂಗಿರೂದ? ಮನಷ್ಯಾರಲ್ಲೇನ ನಾವು?"

ಈ ಮನುಷ್ಯತ್ವವೇ ಡಿಸೆಂಬರಿನಲ್ಲಿ ವಫ್ರಾಕ್ಕೆ ಹೋದಾಗ ನಮ್ಮನ್ನು ಮುಳುಗಿಸಿತು. ಆ ಸಲ ಇವರು ಬಾಯಿಯಿಂದ ಯಾರನ್ನೂ ಕರೆಯಲಿಲ್ಲ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ತೋಟದ ಫೋಟೋ ಹಾಕಿದರು. ಕೆಳಗೆ ಏನಾದರೂ ಬರೆಯಬೇಕಲ್ಲ? "ಎಲ್ಲಾರೂ ಬರ್ರಿ" ಎಂದು ಬರೆದರು. ಟೊಮೆಟೊ ಸಾಲುಗಳ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ನಾನು ಚಹಾಕ್ಕೆ ನೀರಿಟ್ಟು, ಅಕ್ಕು ಕಿವಿಯಿಂದ ಇಯರ್‌ಫೋನ್ ತೆಗೆದು "ಮಮ್ಮಿ, ಇಟ್ಸ್ ನೈಸ್ ಹಿಯರ್" ಎಂದ ಆ ಗಳಿಗೆಗೆ ಸರಿಯಾಗಿ ಗೇಟಿನಲ್ಲಿ ಕಾರುಗಳ ಸಾಲು ಕಾಣಿಸಿತು. ಅಕ್ಕು ಎದ್ದು ಓಡಿದಳು. ನಾನು ನೀರಿಗೆ ಇನ್ನಷ್ಟು ನೀರು ಹಾಕಿದೆ.

ಬಂದವರಿಗೆ ತೋಟ, ಹಸಿರು, ಕುರಿಮರಿ ಇವೆಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ನಮ್ಮ ಸಂಡಾಸು. ಬಯಲಿನಲ್ಲಿ ಪಿಕ್‌ನಿಕ್ಕಿಗೆ ಹೋದ ಹೆಂಗಸರ ಪಾಡು ಹೆಂಗಸರಿಗೇ ಗೊತ್ತು, ಅವರ ತಪ್ಪೇನೂ ಇಲ್ಲ. ಆದರೂ ಗಾಡಿಯ ಬಾಗಿಲಿನಿಂದ ಟೊಮೆಟೊ ಗಿಡಗಳ ತನಕ ಸಾಲು ನಿಂತದ್ದನ್ನು ನೋಡಿದಾಗ ನನ್ನ ಹೊಟ್ಟೆ ಉರಿದುಹೋಯಿತು. ಒಬ್ಬರು ಇಳಿದರೆ ಒಬ್ಬರು ಹತ್ತುವರು. ಹತ್ತಿದವರೆಲ್ಲ "ಅಯ್ಯೋ, ಎಷ್ಟು ಚಂದ ಉಂಟು! ಒಲೆ ಎಲ್ಲ ಉಂಟು!" ಎಂದು ಕಪಾಟು ತೆಗೆದು ನೋಡುವರು. ನಾನು ಬಾಗಿಲಲ್ಲಿ ಕೈ ಒರೆಸುವ ಕಾಗದ ಹಿಡಿದು ನಿಂತಿದ್ದೆ, ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸುವವಳಂತೆ. ಮಧ್ಯಾಹ್ನಕ್ಕೆ ಸಂಡಾಸಿನ ತೊಟ್ಟಿ ತುಂಬಿ ಗಾಡಿಯೊಳಗೆ ಮೂಗು ಬಿಡಲಾಗಲಿಲ್ಲ. ರಾತ್ರಿ ಉಳಿಯುವ ಮಾತು ಅಲ್ಲಿಗೇ ಮುಗಿಯಿತು. ಇವರು ತೋಟದ ಆಳನ್ನು ಕೇಳಿಕೊಂಡು ಆ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡಿದರು, ಹೇಗೆ ಮಾಡಿದರು, ನಾನು ಕೇಳಲಿಲ್ಲ. ಕೇಳುವಷ್ಟು ಕನಿಕರ ನನ್ನಲ್ಲಿ ಉಳಿದಿರಲಿಲ್ಲ.

ಜನವರಿಯಲ್ಲಿ ಪರೀಕ್ಷೆಯ ಗಡಿಬಿಡಿ ಶುರುವಾಯಿತು. ಇನ್ನು ತಿರುಗಾಟ ಬೇಡ ಎಂದು ನಾನೇ ಹೇಳಿದೆ. ಗಾಡಿ ನಮ್ಮ ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಧೂಳು ತಿನ್ನುತ್ತ ನಿಂತಿತು. ಆಗ ಅಕ್ಕು ಒಂದು ಹೊಸ ವರಸೆ ತೆಗೆದಳು. ಫ್ಲಾಟಿನಲ್ಲಿ ಓದು ಹತ್ತುವುದಿಲ್ಲವಂತೆ, ನಾನು ಮಿಕ್ಸರ್ ಹಾಕುತ್ತೇನಂತೆ, ಫೋನಿನಲ್ಲಿ ಊರಿನವರ ಜೊತೆ ಜೋರಾಗಿ ಮಾತಾಡುತ್ತೇನಂತೆ. ಪುಸ್ತಕ ಹೊತ್ತು ಆ ಗಾಡಿಗೆ ಹೋಗಿ ಕೂತಳು. ಬಾಗಿಲಿಲ್ಲದ ಕೋಣೆ ಎಂದು ನಾನು ಆಸೆಪಟ್ಟ ಮನೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲೊಂದು ಇದ್ದೇ ಇತ್ತಲ್ಲ, ಅದು ನನಗೆ ಹೊಳೆದಿರಲಿಲ್ಲ.

ಸಂಜೆ ಕೆಲಸದಿಂದ ಬಂದು ಹಾಲು ಕಾಯಿಸಿ ಒಯ್ದು ಗಾಡಿಯ ಬಾಗಿಲು ಬಡಿಯುತ್ತಿದ್ದೆ. ಒಂದು ಕೈ ಹೊರಗೆ ಬಂದು ಲೋಟ ತೆಗೆದುಕೊಳ್ಳುತ್ತಿತ್ತು.

"ಒಳಗ ಬರ್ಲೇನವ್ವಾ?"

"ಮಮ್ಮಿ, ಪ್ಲೀಸ್. ಐ ಆಮ್ ಸ್ಟಡಿಯಿಂಗ್."

ಒಮ್ಮೆ ನಾನು ಸುಮ್ಮನಿರಲಿಲ್ಲ. "ಅಲ್ಲಾ, ಧಾರವಾಡಕ್ಕ ಹೋದಮ್ಯಾಲ ಯಾರ್ ಹಾಲ್ ತರ್ತಾರ ನಿನಗ? ಆಗ ಗೊತ್ತಾಗ್ತೈತಿ" ಎಂದೆ. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಮೂರನೆಯ ಮಹಡಿಗೆ ಹತ್ತಿ ಬಂದು ಅಡುಗೆಮನೆಯ ಕಿಟಕಿಯಿಂದ ಕೆಳಗೆ ನೋಡಿದೆ. ಗಾಡಿಯ ಸಣ್ಣ ಕಿಟಕಿಯಲ್ಲಿ ದೀಪ ಕಾಣುತ್ತಿತ್ತು, ಪರದೆ ಎಳೆದಿತ್ತು. ಸ್ವಂತ ಮಗಳನ್ನು ಕಳ್ಳರಂತೆ ಇಣುಕಿ ನೋಡಬೇಕಾಯಿತಲ್ಲ ಎಂದು ನನಗೆ ಅಳುವೇ ಬಂದಿತು. ಆಮೇಲೆ ಅಳುವಿನ ಮೇಲೂ ಸಿಟ್ಟು ಬಂದಿತು. ಹೆತ್ತವಳು ನಾನು, ಬಾಡಿಗೆಯವಳಲ್ಲ.

ಪರೀಕ್ಷೆ ಮುಗಿಯಿತು. ಮರಳುಗಾಡಿನಲ್ಲಿ ಬಿಡಾರ ಹೂಡುವ ಗಡುವೂ ಮುಗಿಯುತ್ತ ಬಂದಿತ್ತು. ಅದರ ನಂತರ ಎಲ್ಲರೂ ಡೇರೆ ಕಿತ್ತು ಜಾಗ ಗುಡಿಸಿ ಕೊಡಬೇಕು. ಉಳಿದದ್ದು ಒಂದೇ ಶುಕ್ರವಾರ. ನಾನು ಇವರನ್ನು ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿಕೊಂಡೆ. ಲಿಫ್ಟಿನಲ್ಲಿ ಹೋಗಕೂಡದು, ಮೆಟ್ಟಿಲಿಳಿದು ಹೋಗಬೇಕು. ಫೋಟೋ ಹಾಕಕೂಡದು. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಆಫೀಸಿಗೆ ಎನ್ನಬೇಕು.

"ಶುಕ್ರವಾರ ಆಫೀಸ್ ಎಲ್ಲೈತಿ?"

"ಐತಿ ಅನ್ರಿ!"

ಪಾಪ, ಇವರು ಅಷ್ಟನ್ನೂ ನಡೆಸಿದರು. ಮೆಟ್ಟಿಲ ಮೇಲೆ ಕಾವಲುಗಾರ ಸಿಕ್ಕಾಗ ಬರ್ರಿ ಎನ್ನಲಾರದೆ ಮುಖ ಕೆಂಪಗೆ ಮಾಡಿಕೊಂಡು ಕೆಮ್ಮಿದರು. ನಾವು ಮೂವರೂ ಸೇತುವೆ ದಾಟುವಾಗ ಎರಡೂ ಕಡೆ ಸಮುದ್ರ ಬೂದು ಬಣ್ಣಕ್ಕಿತ್ತು. ಅಕ್ಕು ಹಿಂದಿನ ಸೀಟಿನಲ್ಲಿ ಫೋನು ಒತ್ತುತ್ತ ಕೂತಿದ್ದಳು. ನನಗೆ ಎಷ್ಟೋ ದಿನಗಳ ನಂತರ ಹಾಡು ಗುನುಗಬೇಕೆನಿಸಿತು.

ಸುಬಿಯಾದಲ್ಲಿ ಅಬು ನಾಸಿರ್ ಅವರ ಆಳುಗಳು ಡೇರೆಯ ಗೂಟ ಕೀಳುತ್ತಿದ್ದರು. ಚಳಿಗಾಲದ ಮಳೆಗೆ ಹುಟ್ಟಿದ್ದ ಹುಲ್ಲು ಆಗಲೇ ಹಳದಿಯಾಗಿತ್ತು. ನಾವು ಸ್ವಲ್ಪ ಆಚೆ ನಿಲ್ಲಿಸಿ ಜಮಖಾನೆ ಹಾಸಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಝುಣಕ. ಮೂವರೇ ಸುತ್ತ ಕೂತು ಉಂಡೆವು. ಇವರು ಎರಡು ಸಲ ದಾರಿಯ ಕಡೆ ನೋಡಿದರು, ಯಾರಾದರೂ ಹೋಗುತ್ತಿದ್ದರೆ ಕರೆಯಬಹುದಿತ್ತಲ್ಲ ಎನ್ನುವಂತೆ. ನಾನು ಅಕ್ಕುವಿನ ಮುಖವನ್ನೇ ನೋಡುತ್ತಿದ್ದೆ. ಎಡಗೆನ್ನೆಯ ಮೇಲೆ ಹೊಸ ಮೊಡವೆಯೊಂದು ಎದ್ದಿತ್ತು. ಅವಳ ಅಜ್ಜಿಯ ಹುಬ್ಬು, ನನ್ನ ಗದ್ದ.

"ವಾಟ್?" ಎಂದಳು.

"ಏನಿಲ್ಲ. ಉಣ್ಣು."

"ಸ್ಟಾಪ್ ಇಟ್, ಮಮ್ಮಿ."

ಊಟ ಮುಗಿದು ಕೈ ತೊಳೆಯುತ್ತಿದ್ದಾಗ ದೂರದಲ್ಲಿ ಧೂಳೆದ್ದಿತು. ಮೊದಲು ವಿಲ್ಫ್ರೆಡ್ ಅವರ ಬಿಳಿ ಕಾರು, ಅದರ ಹಿಂದೆ ಇನ್ನೆರಡು. ಜೆಸಿಂತಾ ಕಿಟಕಿಯಿಂದ ಕೈ ಬೀಸುತ್ತಿದ್ದಳು.

ನನ್ನ ಕೈಯಲ್ಲಿ ಚೊಂಬು ಇತ್ತು. ಅದನ್ನು ಇವರ ಕಾಲ ಬುಡಕ್ಕೆ ಒಗೆದೆ. "ದೇವರ ಮುಂದ ಆಣಿ ಮಾಡಿದ್ರಲ್ರಿ! ಒಂದ್ ದಿನಾ, ಒಂದ ಒಂದ್ ದಿನಾ ನಿಮಗ ಬಾಯಿ ಕಟ್ಟಾಕ ಆಗಲಿಲ್ಲೇನ್ರಿ?"

ಇವರು ಕಣ್ಣು ಬಿಟ್ಟುಕೊಂಡು ನಿಂತರು. "ಬಸವಣ್ಣನ ಆಣಿ, ನಾ ಯಾರಿಗೂ ಹೇಳಿಲ್ಲ."

"ಪಪ್ಪಾ ಹೇಳಿಲ್ಲ. ನಾನು ಕರದೆ" ಎಂದಳು ಅಕ್ಕು.

ಅವಳ ಬಾಯಿಯಿಂದ ಕನ್ನಡ ಬಂದದ್ದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಾಕೆ ಎಂದು ಕೂಗಿದೆ. ನನ್ನ ದನಿ ಎಷ್ಟು ಒಡೆದಿತ್ತೆಂದರೆ ಗೂಟ ಕೀಳುತ್ತಿದ್ದ ಆಳುಗಳು ತಿರುಗಿ ನೋಡಿದರು.

"ಯಾಕಂದ್ರೆ ನೀನು ಹಿಂಗೇ ನೋಡ್ತಾ ಕೂತಿರ್ತಿ ಮಮ್ಮಿ. ಆಲ್ ನೈಟ್ ನೋಡ್ತಿ. ನಾನು ಅಳ್ತೀನಿ. ಆಮೇಲೆ ಐ ವೋಂಟ್ ಗೋ. ನಂಗೆ ಹೋಗೋಕೇ ಆಗಲ್ಲ." ಅವಳು ಅಳುತ್ತಿರಲಿಲ್ಲ, ಬೈಯುತ್ತಿದ್ದಳು. "ಎಲ್ಲರೂ ಇದ್ರೆ ಇಟ್ಸ್ ಈಸಿ. ಜಸ್ಟ್ ಪಿಕ್‌ನಿಕ್. ಪ್ಲೀಸ್, ಮಮ್ಮಿ. ನೋಡಬೇಡ."

ಅಷ್ಟರಲ್ಲಿ ಜೆಸಿಂತಾ ಬಂದು ನನ್ನನ್ನು ತಬ್ಬಿಕೊಂಡಾಗಿತ್ತು. "ಮಗಳು ಫೋನ್ ಮಾಡಿ ಕರೆದದ್ದು ಮಾರಾಯ್ತಿ. ಕರೆದ ಮೇಲೆ ಬರದೆ ಇರ್ಲಿಕ್ಕೆ ಆಗ್ತದಾ? ಕೇಕ್ ಮಾಡಿ ತಂದಿದ್ದೇನೆ ಅವಳಿಗೆ." ನಾನು ಅವಳ ಹೆಗಲ ಮೇಲಿಂದ ಅಕ್ಕುವನ್ನು ನೋಡಿದೆ, ಮತ್ತೆ ಬೇರೆ ಕಡೆ ನೋಡಿದೆ. ಮನಸ್ಸಿಗೆ ಸಮಾಧಾನವಾಯಿತು ಎಂದರೆ ಸುಳ್ಳು. ನನ್ನ ಸಂಕಟ ನನ್ನದು, ಅದಕ್ಕೆ ಅವಳ ಸಂಕಟ ಉತ್ತರವಾಗಲಿಲ್ಲ. ಇಡೀ ಚಳಿಗಾಲ ಗಂಡನ ಜೊತೆ ಗುದ್ದಾಡಿದೆ, ಕೊನೆಗೆ ನನ್ನ ರಾತ್ರಿಯನ್ನು ಕಿತ್ತುಕೊಂಡದ್ದು ಮಗಳೇ. ಅವಳ ಮೇಲೆ ಸಿಟ್ಟು ಮಾಡುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಕೇಕು ಕತ್ತರಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ.

ಸಂಜೆಯ ಹೊತ್ತಿಗೆ ಗಾಳಿ ತಿರುಗಿತು. ಧೂಳು ಬರುತ್ತದೆಂದು ಎಲ್ಲರ ಫೋನಿಗೂ ಸೂಚನೆ ಬಂದಿತು. ಅಬು ನಾಸಿರ್ ಅವರ ಆಳು ಬಂದು, "ರುಕೋ ಮತ್, ಭಾಯಿ, ಚಲೋ" ಎಂದು ಅವಸರ ಮಾಡಿದ. ರಾತ್ರಿ ಉಳಿಯಲೆಂದು ನಾನು ಹಾಸಿ ಇಟ್ಟಿದ್ದ ಹಾಸಿಗೆಯ ಮೇಲೆ ಜಮಖಾನೆ, ಪಾತ್ರೆ, ಉಳಿದ ಕೇಕು ಎಲ್ಲವನ್ನೂ ಎತ್ತಿ ಹಾಕಿ ಹೊರಟೆವು. ಕಾರುಗಳು ಮುಂದೆ ಹೋದವು. ನಾನು ಹಿಂದಿನ ಸೀಟಿನಲ್ಲಿ ಅಕ್ಕುವಿನ ಪಕ್ಕ ಕೂತೆ. ಮುಂದೆ ಕೂತರೆ ಇವರ ಮುಖ ನೋಡಬೇಕಲ್ಲ, ಅದಕ್ಕೆ.

ಸೇತುವೆಯ ಮೇಲೆ ಗಾಳಿ ಗಾಡಿಯನ್ನು ಪಕ್ಕಕ್ಕೆ ನೂಕುತ್ತಿತ್ತು. ಊರಿನ ಕಡೆ ಇಳಿದಾಗ ಅದು ಕಡಿಮೆಯಾಗಿ, ಬೀದಿ ದೀಪಗಳ ಸುತ್ತ ಹಳದಿ ಮಬ್ಬಷ್ಟೇ ಉಳಿದಿತ್ತು. ದಿನವಿಡೀ ಕುಣಿದ ಹುಡುಗಿ ಮೊದಲು ಕಿಟಕಿಗೆ ಒರಗಿದಳು, ಆಮೇಲೆ ಗಾಡಿ ಹೊರಳಿದ ಕಡೆಗೆ ತಾನೂ ಹೊರಳಿ ನನ್ನ ಹೆಗಲಿಗೆ ಬಿದ್ದಳು. ಗಾಢ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು, ಕೂದಲಲ್ಲಿ ಮರಳು. ನಾನು ಹೆಗಲು ಅಲುಗಿಸದೆ ಕೂತೆ.

ಗಝಾಲಿ ರಸ್ತೆಯಲ್ಲಿ ನಮ್ಮ ಮನೆಯ ಕಡೆಯ ರಿಗ್ಗೈ ತಿರುವು ಬಂತು. ಇವರು ಕನ್ನಡಿಯಲ್ಲಿ ಹಿಂದೆ ನೋಡಿದರು, ಗಾಡಿ ತಿರುಗಿಸಲಿಲ್ಲ.

"ತಿರುವು ಹೋತಲ್ರಿ" ಎಂದೆ, ಮೆಲ್ಲಗೆ.

"ಗೊತ್ತೈತಿ."

ಫರ್ವಾನಿಯಾದ ಅಂಗಡಿ ದೀಪಗಳು ಬಂದು ಹೋದವು. ಮುಂದೆ ವಿಮಾನ ನಿಲ್ದಾಣದ ಬೋರ್ಡು ಕಾಣಿಸಿತು. ನಾನು ಬಾಯಿ ತೆರೆಯುವುದರೊಳಗೆ ಇವರೇ ಲೇನ್ ಬದಲಿಸಿ ಆರನೇ ರಿಂಗ್ ರಸ್ತೆ ಹಿಡಿದರು. ಅದು ಜಹ್ರಾ ಕಡೆ ಹೋಗುವ ರಸ್ತೆ. ಅಲ್ಲಿ ನಮಗೆ ಆ ಹೊತ್ತಿನಲ್ಲಿ ಯಾವ ಕೆಲಸವೂ ಇರಲಿಲ್ಲ. ರೇಡಿಯೋ ಹಾಕಲಿಲ್ಲ, ಎಲ್ಲರೂ ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ ಹೊಡೆದರು.

ನೋಡಬೇಡ ಎನ್ನಲು ಅಕ್ಕು ಎಚ್ಚರವಿರಲಿಲ್ಲ. ನಾನು ಜಹ್ರಾ ಬರುವ ತನಕ ನೋಡಿದೆ.